ಅಮೆರಿಕದಿಂದ ಬಂದ ಟಿಟಿವೈ ಮೆಷಿನ್ ನಮ್ಮ ಲ್ಯಾಂಡ್‌ಲೈನಿಗೆ ಆಗುತ್ತದಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ನಗರ ಅನ್ನುವ ಊರಿನ ಕಡೆ ಒಂಟಿ ಮನೆ. ತಮ್ಮನಿಗೆ 14ನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಸ್ಪಷ್ಟವಾಗಿದೆ. ಕನ್ನಡ, ಇಂಗ್ಲಿಷ್ ಎರಡೂ ಓದಿ ಬರೆಯುತ್ತಾನೆ. ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ, ರೂಮು ಮಾಡಿಕೊಂಡಿದ್ದಾನೆ. ಊರಲ್ಲಿ ನಾನು ಮತ್ತು ಅಮ್ಮ. ಅಮ್ಮನಿಗೆ ಮೊಬೈಲಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಮಗನ ಜೊತೆ ಫೋನಿನಲ್ಲಿ ಮಾತಾಡಬೇಕು ಅಂತ ಅವರಿಗೆ ಆಸೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಈ ಸಲ ಬಂದಾಗ ಒಂದು ಹಳೇ ಟಿಟಿವೈ ಮೆಷಿನ್ ತಂದುಕೊಟ್ಟ. ಕಿವಿ ಕೇಳದವರು ಅಲ್ಲಿ ಇದರಲ್ಲೇ ಫೋನ್ ಮಾಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇನ್ನೂ ಇದೆ. ಇದನ್ನು ಹಾಕಬಹುದಾ? ಹೇಗೆ ಬಳಸುವುದು? ಆಗದಿದ್ದರೆ ಬೇರೆ ದಾರಿ ಏನು? ಮೊಬೈಲ್ ಸಿಗ್ನಲ್ ಮನೆ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸರಿಯಾಗಿ ಸಿಗುತ್ತದೆ.

ಉತ್ತರ: ಹಾಕಬಹುದು. ಆದರೆ ನಿಮ್ಮ ಮನೆಗೆ ಅದರಿಂದ ಉಪಯೋಗ ಆಗುವುದಿಲ್ಲ. ಬೇರೆ ದಾರಿ ನಿಮ್ಮ ಪತ್ರದಲ್ಲೇ ಇದೆ. ತಮ್ಮನಿಗೆ ಮಾತು ಬರುತ್ತದೆ. ಅಮ್ಮನಿಗೆ ಕಿವಿ ಕೇಳುತ್ತದೆ. ಊರಲ್ಲಿ ಲ್ಯಾಂಡ್‌ಲೈನ್ ಇದೆ, ಶಿವಮೊಗ್ಗದಲ್ಲಿ ಇಂಟರ್‌ನೆಟ್ ಇದೆ. ಇಷ್ಟು ಇದ್ದರೆ ಅಮ್ಮ ಎಲ್ಲರ ಹತ್ತಿರ ಮಾತಾಡುವ ಹಾಗೇ ಮಗನ ಹತ್ತಿರವೂ ಮಾತಾಡಬಹುದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಮೆಷಿನ್ ವಿಷಯ. ಟಿಟಿವೈ ಅಂದರೆ ಟೈಪ್ ಮಾಡಿದ ಅಕ್ಷರವನ್ನು ಫೋನ್ ತಂತಿಯಲ್ಲಿ ಕಳಿಸಿ, ಆ ಕಡೆಯ ಇಂಥದ್ದೇ ಮೆಷಿನ್ನಿನಲ್ಲಿ ಓದಿಸುವ ಯಂತ್ರ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಇಂಥ ಯಂತ್ರ ಅಂದರೆ ಮಾತು ಸ್ವಲ್ಪ ಜಾಸ್ತಿ ಆಗುತ್ತದೆ, ಸಹಿಸಿಕೊಳ್ಳಿ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದಿದ್ದು 1876ರಲ್ಲಿ. ಅವನ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮುಂದೆ ಮದುವೆಯಾದ ಹೆಂಡತಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಮನೆಯ ಈ ಇಬ್ಬರಿಗೂ ಆಗದ ಯಂತ್ರ ಅದು. ಕಿವುಡರು ಇನ್ನೊಬ್ಬರ ಸಹಾಯ ಇಲ್ಲದೆ ಫೋನಿನಲ್ಲಿ ಮಾತಾಡಲು 1964ರ ತನಕ ಕಾಯಬೇಕಾಯಿತು. ಆ ಕೆಲಸ ಮಾಡಿದವರೂ ಕಿವುಡರೇ. ರಾಬರ್ಟ್ ವೈಟ್‌ಬ್ರೆಕ್ಟ್ ಅಂತ ಒಬ್ಬ ಭೌತವಿಜ್ಞಾನಿ, ಕ್ಯಾಲಿಫೋರ್ನಿಯಾದವನು. ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ನಡೆಸುವ ರೇಡಿಯೊ ಸಂಪರ್ಕದ ಹುಚ್ಚು ಇದ್ದವನು. ರೇಡಿಯೊಗೆ ಟೆಲಿಪ್ರಿಂಟರ್ (ದೂರದಿಂದ ಬಂದ ಅಕ್ಷರವನ್ನು ಅಚ್ಚು ಮಾಡುವ ಯಂತ್ರ) ಜೋಡಿಸಿ ಅಕ್ಷರದಲ್ಲೇ ಹರಟುವುದು ಅವನಿಗೆ ಗೊತ್ತಿತ್ತು. ಜೇಮ್ಸ್ ಮಾರ್ಸ್ಟರ್ಸ್ ಅನ್ನುವ ಹಲ್ಲಿನ ಡಾಕ್ಟರ್ ಮತ್ತು ಆಂಡ್ರ್ಯೂ ಸಾಕ್ಸ್ ಅನ್ನುವ ಇನ್ನೊಬ್ಬ ಅವನ ಜೊತೆ ಸೇರಿದರು. ಇದನ್ನೇ ಟೆಲಿಫೋನ್ ತಂತಿಯಲ್ಲಿ ಯಾಕೆ ಮಾಡಬಾರದು ಅಂತ ಮೂವರೂ ಹಿಂದೆ ಬಿದ್ದರು.

ಅಲ್ಲೊಂದು ತೊಡಕಿತ್ತು. ಆಗ ಅಮೆರಿಕದ ಫೋನ್ ಕಂಪನಿ ತನ್ನ ತಂತಿಗೆ ಬೇರೆಯವರ ಯಂತ್ರ ಜೋಡಿಸಲು ಬಿಡುತ್ತಿರಲಿಲ್ಲ. ವೈಟ್‌ಬ್ರೆಕ್ಟ್ ತಂತಿ ಮುಟ್ಟಲೇ ಇಲ್ಲ. ಎರಡು ರಬ್ಬರ್ ಬಟ್ಟಲು ಮಾಡಿ ಅದರ ಮೇಲೆ ಫೋನಿನ ರಿಸೀವರನ್ನೇ ಮಲಗಿಸಿದ. ಅಕ್ಷರ ಸದ್ದಾಗಿ ರಿಸೀವರಿನ ಒಳಗೆ ಹೋಗುತ್ತದೆ, ಆ ಕಡೆಯ ಬಟ್ಟಲಿನಲ್ಲಿ ಸದ್ದು ಮತ್ತೆ ಅಕ್ಷರ ಆಗುತ್ತದೆ. ನಿಮ್ಮ ಮೆಷಿನ್ನಿನ ತಲೆ ಮೇಲೆ ಎರಡು ಗುಂಡನೆಯ ಗುಳಿ ಇದ್ದರೆ ಅವು ಇವೇ. ಹಿಂಭಾಗದಲ್ಲಿ ಸಣ್ಣ ಚೌಕದ ಫೋನ್ ಜಾಕ್ ಕೂಡ ಇದ್ದರೆ ಅದು ಆಮೇಲಿನ ಕಾಲದ್ದು, ನೇರ ತಂತಿಗೇ ಹಾಕಬಹುದು. ನಮ್ಮ ಲ್ಯಾಂಡ್‌ಲೈನ್ ಫೋನಿಗೆ ಬರುವ ಪಿನ್ನೂ ಅದೇ ಜಾತಿಯದು.

ಶಿವಮೊಗ್ಗದ ತಂತಿ ಆಫೀಸು ನೋಡಿದ ಹಿರಿಯರಿಗೆ ಟೆಲಿಪ್ರಿಂಟರ್ ಹೊಸದಲ್ಲ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಮ್ ನಿಂತಿತಲ್ಲ, ಟೆಲಿಪ್ರಿಂಟರುಗಳು ದಶಕಗಳ ಕಾಲ ಬಳಸಿದ ಐದು ಬಿಟ್ಟಿನ, ಅಂದರೆ ಒಂದೊಂದು ಅಕ್ಷರಕ್ಕೆ ಐದು ಸೊನ್ನೆ-ಒಂದುಗಳ ಸಂಕೇತವೇ ಟಿಟಿವೈ ಒಳಗೂ ಇರುವುದು. ಐದು ಬಿಟ್ಟಿನಲ್ಲಿ 32 ಗುರುತು ಮಾತ್ರ ಸಾಧ್ಯ. ಇಂಗ್ಲಿಷಿನ 26 ಅಕ್ಷರ ಹಾಕಿದರೆ ಅಂಕಿಗಳಿಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೆ ‘ಇನ್ನು ಮುಂದೆ ಬರುವುದು ಅಂಕಿ’, ‘ಇನ್ನು ಮುಂದೆ ಬರುವುದು ಅಕ್ಷರ’ ಅಂತ ತಿಳಿಸಲು ಎರಡು ಗುರುತು ಮೀಸಲಿಟ್ಟರು. ತಂತಿಯಲ್ಲಿ ಗರಗರ ಬಂದು ಆ ಒಂದು ಗುರುತು ತಪ್ಪಿಹೋದರೆ ಮಜಾ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ‘ರೊಟ್ಟಿ’ ಅಂತ ಹೊಡೆದಿರುತ್ತೀರಿ, ಆರ್, ಓ, ಟಿ, ಟಿ, ಐ. ಆ ಕಡೆ 49558 ಅಂತ ಮೂಡುತ್ತದೆ. ಇಂಥ ಕಲಸುಮೇಲೋಗರ ಬಂದಾಗ ಕಳಿಸುವವರು ಸ್ಪೇಸ್ ಬಾರನ್ನು ಎರಡು ಮೂರು ಸಲ ಒತ್ತಬೇಕು. ತುಂಬಾ ಮೆಷಿನ್ನುಗಳು ಆಗ ಆ ಗುರುತನ್ನು ಮತ್ತೆ ಕಳಿಸಿ ಸರಿ ಮಾಡಿಕೊಳ್ಳುತ್ತವೆ.

ವೇಗ ಸೆಕೆಂಡಿಗೆ ಆರು ಅಕ್ಷರದಷ್ಟು, ನಿಮಿಷಕ್ಕೆ ಸುಮಾರು 60 ಇಂಗ್ಲಿಷ್ ಪದ. 1400 ಮತ್ತು 1800 ಹರ್ಟ್ಸಿನ ಎರಡೇ ಸ್ವರ, ಅದರ ಅದಲುಬದಲಿನಲ್ಲಿ ಇಡೀ ಮಾತು. ಎರಡೂ ಕಡೆಯವರಿಗೆ ಇದೇ ಎರಡು ಸ್ವರ ಆಗಿರುವುದರಿಂದ ಒಂದು ಹೊತ್ತಿಗೆ ಒಬ್ಬರೇ ಟೈಪ್ ಮಾಡಬೇಕು. ಮಳೆಗಾಲದ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ಇದ್ದ ಹಾಗೆ, ಈ ಕಡೆಯವರು ದಾಟುವ ತನಕ ಆ ಕಡೆಯವರು ನಿಲ್ಲಬೇಕು. ಅದಕ್ಕೇ ಟಿಟಿವೈ ಬಳಸುವವರಲ್ಲಿ ಒಂದು ಪದ್ಧತಿ ಬೆಳೆಯಿತು. ತನ್ನ ಮಾತು ಮುಗಿದಾಗ ಜಿಎ ಅಂತ ಹೊಡೆಯುವುದು. ‘ಗೋ ಅಹೆಡ್’, ಅಂದರೆ ಇನ್ನು ನೀವು ಹೇಳಿ. ಪೂರ್ತಿ ಮುಗಿಸುವಾಗ ಎಸ್‌ಕೆ, ‘ಸ್ಟಾಪ್ ಕೀಯಿಂಗ್’. ಇಬ್ಬರೂ ಎಸ್‌ಕೆ ಅಂದ ಮೇಲೆ ಫೋನ್ ಇಡುವುದು. ತಪ್ಪು ಹೊಡೆದರೆ ಅಳಿಸುತ್ತಾ ಕೂರದೆ ಮೂರು ಎಕ್ಸ್ ಹೊಡೆದು ಮುಂದೆ ಹೋಗುವುದು. ಕಿವಿ ಕೇಳುವವರ ಮನೆಗೆ ಕರೆ ಮಾಡಿದಾಗ ಸ್ಪೇಸ್ ಬಾರ್ ಒತ್ತುತ್ತಾ ಇರುವುದು. ಫೋನ್ ಎತ್ತಿದವರಿಗೆ ಕಿರ್ರ್ ಕಿರ್ರ್ ಅಂತ ಕೇಳಿ, ಓ ಇದು ಟಿಟಿವೈ ಕರೆ, ರಿಸೀವರನ್ನು ಮೆಷಿನ್ ಮೇಲೆ ಇಡಬೇಕು ಅಂತ ಗೊತ್ತಾಗಲಿ ಅಂತ.

ಈಗ ನಿಮ್ಮ ಮೆಷಿನ್ ಯಾಕೆ ನಿಮಗೆ ಆಗುವುದಿಲ್ಲ ಅನ್ನುವುದಕ್ಕೆ ಬರೋಣ. ಟಿಟಿವೈ ಒಂದಿದ್ದರೆ ಸಾಲದು, ಎರಡು ಬೇಕು. ತಮ್ಮನ ರೂಮಿನಲ್ಲಿ ಒಂದು, ನಿಮ್ಮ ಮನೆಯಲ್ಲಿ ಒಂದು. ಎರಡನೆಯದು ತರಿಸಿದಿರಿ ಅಂದುಕೊಳ್ಳೋಣ. ಅಮ್ಮ ಅದರ ಮುಂದೆ ಕೂತು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕನ್ನಡ ಹೊಡೆಯಬೇಕು! ಆ ಐದು ಬಿಟ್ಟಿನಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ. ಮೊಬೈಲಿನ ಕನ್ನಡ ಕೀಬೋರ್ಡೇ ಕಷ್ಟ ಅನ್ನುವವರಿಗೆ ಇದು ಇನ್ನೂ ಕಷ್ಟ.

ಅಮೆರಿಕದಲ್ಲಿ ಎರಡು ಮೆಷಿನ್ ಇಲ್ಲದೆಯೂ ನಡೆಯುತ್ತದೆ, ಅದಕ್ಕೆ ಕಾರಣ ಬೇರೆ. ಅಲ್ಲಿ ರಿಲೇ ಸೇವೆ ಅಂತ ಇದೆ. 711 ಒತ್ತಿದರೆ ಒಬ್ಬ ಆಪರೇಟರ್ ಸಿಗುತ್ತಾರೆ. ಕಿವುಡ ವ್ಯಕ್ತಿ ಟೈಪ್ ಮಾಡಿದ್ದನ್ನು ಅವರು ಆ ಕಡೆಯವರಿಗೆ ಓದಿ ಹೇಳುತ್ತಾರೆ, ಆ ಕಡೆಯವರು ಆಡಿದ್ದನ್ನು ಟೈಪ್ ಮಾಡಿ ಕಳಿಸುತ್ತಾರೆ. 1990ರ ಅಂಗವಿಕಲರ ಕಾಯ್ದೆ ಇದನ್ನು ಕಡ್ಡಾಯ ಮಾಡಿತು, 1993ರ ಹೊತ್ತಿಗೆ ದೇಶದ ತುಂಬಾ ಜಾರಿಗೆ ಬಂತು. ಬ್ರಿಟನ್ನಿನಲ್ಲೂ ಇದೆ, ಅಲ್ಲಿ ನಂಬರಿಗೆ ಮೊದಲು 18001 ಸೇರಿಸಿ ಒತ್ತುತ್ತಾರೆ. ಟಿಟಿವೈ ಅಷ್ಟು ವರ್ಷ ಬಾಳಿದ್ದು ಈ ಆಪರೇಟರುಗಳಿಂದ ಅಂತ ನನ್ನ ಲೆಕ್ಕ. ಕಿವುಡರ ಮನೆಯಲ್ಲಿ ಯಂತ್ರ ಇಟ್ಟರೆ ಅರ್ಧ ಕೆಲಸ ಆಯಿತು ಅಷ್ಟೇ. ಬ್ಯಾಂಕು, ಆಸ್ಪತ್ರೆ, ಅಂಗಡಿ, ನೆಂಟರ ಮನೆ, ಇವರೆಲ್ಲ ಉತ್ತರ ಕೊಡುವ ಹಾಗೆ ಯಾರೋ ಒಬ್ಬರು ನಡುವೆ ಕೂರಬೇಕು. ಟಿಟಿವೈ ಕರೆಗೆ ಹಾಗೆ ಉತ್ತರಿಸುವ ನಂಬರು ನಮ್ಮಲ್ಲಿ ಇಲ್ಲ. ನಿಮ್ಮ ಮೆಷಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಡೆ ಯಾರೂ ಇರುವುದಿಲ್ಲ.

ಮೊಬೈಲಿಗೆ ಜೋಡಿಸಬಹುದಲ್ಲ ಅಂತ ತಮ್ಮ ಕೇಳಬಹುದು. ಮೊಬೈಲ್ ಕರೆಯಲ್ಲಿ ದನಿಯನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ. ಆ ಲೆಕ್ಕಾಚಾರ ಮನುಷ್ಯನ ದನಿಗೆ ಹೊಂದುವ ಹಾಗೆ ಮಾಡಿದ್ದು, ಟಿಟಿವೈ ಸ್ವರ ಅದರಲ್ಲಿ ಕೆಟ್ಟುಹೋಗುತ್ತದೆ. ಇಂಟರ್‌ನೆಟ್ ಮೇಲೆ ಹೋಗುವ ಕರೆಗಳಲ್ಲೂ ಇದೇ ಗೋಳು. ಅದಕ್ಕೆ ಅಮೆರಿಕದಲ್ಲೇ ಈಗ ಟಿಟಿವೈ ಮೂಲೆಗೆ ಬಿದ್ದಿದೆ. ಆರ್‌ಟಿಟಿ ಅನ್ನುವುದು ಬಂದಿದೆ. ಕರೆ ನಡೆಯುತ್ತಿರುವಾಗಲೇ ಒಂದೊಂದು ಅಕ್ಷರವೂ ಒತ್ತಿದ ಕ್ಷಣ ಆ ಕಡೆ ಮೂಡುತ್ತದೆ, ಇಬ್ಬರೂ ಒಟ್ಟಿಗೆ ಟೈಪ್ ಮಾಡಬಹುದು. ಟಿಟಿವೈ ಬದಲು ಇದನ್ನು ಕೊಡಬಹುದು ಅಂತ ಅಲ್ಲಿನ ದೂರಸಂಪರ್ಕ ಆಯೋಗ 2016ರ ಕೊನೆಗೆ ನಿಯಮ ಮಾಡಿತು. ನಿಮ್ಮ ಫೋನಿನ ಆಕ್ಸೆಸಿಬಿಲಿಟಿ ಮೆನುವಿನಲ್ಲಿ ಆರ್‌ಟಿಟಿ ಅನ್ನುವ ಆಯ್ಕೆ ಕಂಡರೂ ಆಸೆ ಪಡಬೇಡಿ. ಸಿಮ್ ಕೊಟ್ಟ ಕಂಪನಿಯ ನೆಟ್‌ವರ್ಕಿನಲ್ಲಿ ಆ ಸೌಲಭ್ಯ ಇರದೆ ಅದು ಓಡುವುದಿಲ್ಲ.

ಮೆಷಿನ್ ಆನ್ ಮಾಡಿ ನೋಡುವ ಕುತೂಹಲ ಇದ್ದರೆ ಒಂದು ಎಚ್ಚರಿಕೆ. ಅಮೆರಿಕದ ಕರೆಂಟು 120 ವೋಲ್ಟು, ನಮ್ಮದು 230. ಅಡಾಪ್ಟರ್ ಮೇಲೆ ‘100-240’ ಅಂತ ಬರೆದಿದ್ದರೆ ಮಾತ್ರ ಗೋಡೆಗೆ ಹಾಕಿ. ಬರೀ 120 ಅಂತ ಇದ್ದರೆ ನೇರ ಹಾಕಿದ ತಕ್ಷಣ ಸುಟ್ಟ ವಾಸನೆ ಬರುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅಷ್ಟು ಖರ್ಚು ಬೇಡ ಅಂತ ನನ್ನ ಅಭಿಪ್ರಾಯ. ಒಳಗೆ ಬ್ಯಾಟರಿ ಇದ್ದರೆ ತೆಗೆದಿಡಿ. ಹಳೇ ಬ್ಯಾಟರಿ ನಮ್ಮ ಮಳೆಗಾಲದ ತೇವದಲ್ಲಿ ಸೋರಿ ಬೋರ್ಡನ್ನೇ ತಿಂದುಹಾಕುತ್ತದೆ.

ಈಗ ನಿಮ್ಮ ದಾರಿ. ಟಿಟಿವೈ ಕಾಲದಲ್ಲೇ ನಿಮ್ಮ ತಮ್ಮನಂಥವರಿಗೆ ಒಂದು ಏರ್ಪಾಡು ಇತ್ತು. ಮಾತು ಕಲಿತ ಮೇಲೆ ಕಿವಿ ಹೋಗಿ ಮಾತು ಉಳಿದವರು ತಮ್ಮ ದನಿಯಲ್ಲೇ ಮಾತಾಡುತ್ತಿದ್ದರು, ಬರುವ ಉತ್ತರವನ್ನು ಮಾತ್ರ ಆಪರೇಟರ್ ಟೈಪ್ ಮಾಡಿ ಕೊಡುತ್ತಿದ್ದರು. ಈಗ ಆ ಆಪರೇಟರ್ ಜಾಗದಲ್ಲಿ ಇನ್ನೊಂದು ಮೊಬೈಲ್ ಇಡೋಣ.

ತಮ್ಮನ ಹತ್ತಿರ ಎರಡು ಫೋನ್ ಇರಲಿ. ಎರಡನೆಯದು ಹಳೇ ಆ್ಯಂಡ್ರಾಯ್ಡ್ ಆದರೂ ನಡೆಯುತ್ತದೆ, ಮೈಕ್ ಚೆನ್ನಾಗಿರಬೇಕು, ಇಂಟರ್‌ನೆಟ್ ಇರಬೇಕು. ಅದರಲ್ಲಿ ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ ಹಾಕಿ. ಕಿವುಡರಿಗಾಗಿಯೇ 2019ರಲ್ಲಿ ಬಿಟ್ಟ ಆ್ಯಪ್ ಇದು, ದುಡ್ಡು ಕೊಡಬೇಕಾಗಿಲ್ಲ. ಕಿವುಡರ ವಿಶ್ವವಿದ್ಯಾಲಯ ಅಂತಲೇ ಹೆಸರಾದ ಅಮೆರಿಕದ ಗ್ಯಾಲೋಡೆಟ್ ಇದನ್ನು ರೂಪಿಸುವಾಗ ಜೊತೆಗಿತ್ತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅದನ್ನು ಆರಿಸಿಕೊಳ್ಳಿ. ಇನ್ನು ಅಮ್ಮ ಲ್ಯಾಂಡ್‌ಲೈನಿನಿಂದ ತಮ್ಮನ ಮೊದಲನೇ ಫೋನಿಗೆ ಕರೆ ಮಾಡಲಿ. ಅವನು ಸ್ಪೀಕರ್ ಹಾಕಿ, ಎರಡನೇ ಫೋನನ್ನು ಪಕ್ಕದಲ್ಲೇ ಇಡಲಿ. ಅಮ್ಮ ಆಡಿದ್ದು ಅದರ ಪರದೆಯ ಮೇಲೆ ಕನ್ನಡದಲ್ಲಿ ಬರುತ್ತಾ ಹೋಗುತ್ತದೆ. ಅವನು ಓದಿಕೊಂಡು ಬಾಯಲ್ಲೇ ಉತ್ತರ ಹೇಳುತ್ತಾನೆ. ಅಮ್ಮ ಯಾವ ಯಂತ್ರವನ್ನೂ ಕಲಿಯಬೇಕಾಗಿಲ್ಲ. ಒಂದೇ ಫೋನಿನಲ್ಲಿ ಎರಡೂ ಮಾಡಲು ಹೋಗಬೇಡಿ. ಕರೆ ನಡೆಯುವಾಗ ಅದೇ ಫೋನಿನ ಮೈಕ್ ಆ್ಯಪಿಗೆ ಸಿಗುವುದಿಲ್ಲ.

ಕೆಲವು ಸೂಕ್ಷ್ಮ ಇದೆ. ಅಮ್ಮನ ಬದಲು ನೀವು ಮೊದಲ ನಾಲ್ಕಾರು ಸಲ ಪ್ರಯತ್ನಿಸಿ ನೋಡಿ, ಯಾವ ಮಾತು ಸರಿ ಬರುತ್ತದೆ, ಯಾವುದು ಕೆಡುತ್ತದೆ ಅಂತ ತಿಳಿಯುತ್ತದೆ. ಫೋನ್ ತಂತಿಯಲ್ಲಿ 300ರಿಂದ 3400 ಹರ್ಟ್ಸ್ ತನಕದ ದನಿ ಮಾತ್ರ ಹೋಗುತ್ತದೆ. ಸ, ಶ ಇವುಗಳ ಚೂಪಿನಲ್ಲಿ ಒಂದಷ್ಟು ಅದಕ್ಕಿಂತ ಮೇಲೆ ಇರುವುದರಿಂದ ಅಲ್ಲಿ ಕತ್ತರಿ ಬೀಳುತ್ತದೆ. ನಮ್ಮ ಕಿವಿಗೆ ಸಂದರ್ಭದಿಂದ ಗೊತ್ತಾಗುತ್ತದೆ, ಯಂತ್ರ ತಡವರಿಸುತ್ತದೆ. ಇನ್ನೊಂದು, ಆ್ಯಪಿಗೆ ಸುದ್ದಿ ಓದುವವರ ಕನ್ನಡ ಚೆನ್ನಾಗಿ ಹಿಡಿಯುತ್ತದೆ. ‘ಎಂತ ಮಾರಾಯ, ಊಟ ಆತಾ’ ಅಂದರೆ ಏನೋ ಒಂದು ಬರೆದುಬಿಡುತ್ತದೆ. ಹಾಗಂತ ಅಮ್ಮನಿಗೆ ಪುಸ್ತಕದ ಕನ್ನಡ ಕಲಿಸಲು ಹೋಗಬೇಡಿ. ತಮ್ಮ ಆ ಮಾತಿನಲ್ಲೇ ಬೆಳೆದವನು, ತಪ್ಪು ಅಕ್ಷರದ ಹಿಂದೆ ಅಮ್ಮ ಏನಂದರು ಅಂತ ಬೇಗ ಊಹಿಸುತ್ತಾನೆ. ಸ್ವಲ್ಪ ನಿಧಾನ, ಒಂದು ಸಲಕ್ಕೆ ಒಂದು ವಿಷಯ, ಇಷ್ಟು ಸಾಕು. ಟಿವಿ ಆಫ್ ಮಾಡಿ. ಹಂಚಿನ ಮೇಲೆ ಮಳೆ ಜಡಿಯುತ್ತಿದ್ದರೆ ಆ ಹೊತ್ತು ಬಿಟ್ಟು ಆಮೇಲೆ ಮಾಡಿ.

ಆ್ಯಪಿನ ಸೆಟ್ಟಿಂಗಿನಲ್ಲಿ ನಮ್ಮದೇ ಪದ ಸೇರಿಸುವ ಅವಕಾಶ ಇದೆ. ಮನೆಯವರ ಹೆಸರು, ಊರುಗಳ ಹೆಸರು, ಗೊರಬಲು, ಬೆಟ್ಟೆ, ರಾಶಿ ಇಡಿ, ಕೊಳೆ ರೋಗ, ಬೋರ್ಡೋ, ಹೀಗೆ ನಿಮ್ಮ ಮನೆಯಲ್ಲಿ ದಿನಾ ಓಡಾಡುವ ಮಾತುಗಳನ್ನು ತಮ್ಮ ಹಾಕಿಕೊಳ್ಳಲಿ. ಅಡಿಕೆ ರೇಟು, ಬಸ್ ಹೊತ್ತು, ಮಾತ್ರೆ ಎಷ್ಟು, ಡಾಕ್ಟರ್ ಹೇಳಿದ ತಾರೀಕು, ಇಂಥವನ್ನು ಮಾತ್ರ ಈ ಆ್ಯಪ್ ನಂಬಿ ಬಿಡಬೇಡಿ. ಐವತ್ತೊಂದು ಅರವತ್ತೊಂದಾಗಲು ಹೊತ್ತು ಬೇಕಾಗಿಲ್ಲ. ತಮ್ಮ ಅದನ್ನು ತಿರುಗಿ ಹೇಳಲಿ, ಅಮ್ಮ ಹೌದು ಅನ್ನಲಿ. ಇಲ್ಲವೇ ನೀವು ಮೆಸೇಜಿನಲ್ಲಿ ಅಂಕಿ ಬರೆದು ಕಳಿಸಿ.

ಟಿಟಿವೈಯ ಜಿಎ ನೆನಪಿದೆಯಲ್ಲ, ಅದು ಇಲ್ಲೂ ಬೇಕು. ಅಕ್ಷರ ಮೂಡಲು ಒಂದೆರಡು ಸೆಕೆಂಡು ಹಿಡಿಯುತ್ತದೆ, ಅವನು ಓದಲು ಇನ್ನೆರಡು. ಅಷ್ಟರಲ್ಲಿ ಅಮ್ಮ ‘ಹಲೋ, ಹಲೋ, ಕೇಳ್ತಾ?’ ಅಂತ ಶುರು ಮಾಡಿದರೆ ಅದೂ ಪರದೆಯ ಮೇಲೆ ಬಂದು ಮೊದಲಿನ ಮಾತು ಮೇಲೆ ಸರಿದುಹೋಗುತ್ತದೆ. ಅಮ್ಮನಿಗೆ ಒಂದು ಪದ ಅಭ್ಯಾಸ ಮಾಡಿಸಿ. ಮಾತು ಮುಗಿದಾಗ ‘ಹೇಳು’ ಅನ್ನುವುದು, ಆಮೇಲೆ ಸುಮ್ನೆ ಕಾಯುವುದು. ತಮ್ಮನೂ ಮುಗಿಸಿದಾಗ ‘ಹೇಳಮ್ಮ’ ಅನ್ನಲಿ. ಇಡುವ ಮುಂಚೆ ‘ಇಡ್ತೀನಿ’ ಅಂತ ಇಬ್ಬರೂ ಹೇಳಿಕೊಳ್ಳಲಿ. ಕೇಳದವರಿಗೆ ಆ ಕಡೆ ಫೋನ್ ಇಟ್ಟಿದ್ದು ತಕ್ಷಣ ಗೊತ್ತಾಗುವುದಿಲ್ಲ, ಖಾಲಿ ಫೋನಿಗೆ ಮಾತಾಡಿದಂತೆ ಆಗಬಾರದು.

ನಿಮ್ಮ ಲ್ಯಾಂಡ್‌ಲೈನ್ ಕಂಬದಿಂದ ಬರುವ ಹಳೇ ತಾಮ್ರದ ತಂತಿಯದಾ, ಫೈಬರಿನದಾ ನೋಡಿಕೊಳ್ಳಿ. ತಾಮ್ರದ್ದಾದರೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಜೀವಂತ ಇರುತ್ತದೆ. ಆದರೆ ಜಾಯಿಂಟಿಗೆ ನೀರು ಇಳಿದರೆ ಗರಗರ ಶುರು, ಆ್ಯಪಿಗೆ ಆ ಗರಗರವೇ ದೊಡ್ಡ ಶತ್ರು. ಫೈಬರ್ ಆದರೆ ದನಿ ಶುದ್ಧ, ಆದರೆ ಮನೆಯ ಮೋಡೆಮ್ಮಿಗೆ ಕರೆಂಟ್ ಬೇಕು. ನಮ್ಮ ಕಡೆ ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ಮೋಡೆಮ್ಮಿಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಒಂದು ತಂದಿಡಿ. ಫೈಬರ್ ಇದ್ದರೆ ಮನೆಯಲ್ಲಿ ವೈಫೈಯೂ ಇರುತ್ತದೆ, ಆಗ ವಾಟ್ಸಾಪ್ ವಿಡಿಯೊ ಕರೆ ಇನ್ನೂ ಒಳ್ಳೆಯದು. ತಮ್ಮ ಅಮ್ಮನ ಮುಖ ನೋಡುತ್ತಾನೆ, ತುಟಿ ನೋಡಿ ಅರ್ಧ ತಿಳಿಯುತ್ತಾನೆ, ಉಳಿದದ್ದು ಎರಡನೇ ಫೋನ್ ಹೇಳುತ್ತದೆ. ಆ ಹೊತ್ತಿನಲ್ಲಿ ಅಮ್ಮ ದೀಪಕ್ಕೆ ಬೆನ್ನು ಮಾಡಿ ಕೂರದಿರಲಿ. ಮುಖ ಕತ್ತಲಾದರೆ ತುಟಿ ಕಾಣುವುದಿಲ್ಲ.

ಇನ್ನು ಮೆಸೇಜು. ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್ ಅಂದಿರಿ. ಅಂಥ ಕಡೆ ವಾಟ್ಸಾಪಿಗಿಂತ ಹಳೇ ಎಸ್‌ಎಂಎಸ್ ಗಟ್ಟಿ. ಅದಕ್ಕೆ ಡೇಟಾ ಬೇಕಾಗಿಲ್ಲ. ಒಂದು ಕಡ್ಡಿ ಸಿಗ್ನಲ್ ಬಂದು ಹೋದರೂ ಹೊರಟುಬಿಡುತ್ತದೆ. ಆ ಕಡೆ ಫೋನ್ ಆಫ್ ಇದ್ದರೆ ಕಂಪನಿಯ ಸರ್ವರಿನಲ್ಲಿ ಕಾದು, ಆನ್ ಆದಾಗ ತಲುಪುತ್ತದೆ. ಆದರೆ ಉದ್ದದ ಲೆಕ್ಕ ತಿಳಿದಿರಲಿ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಆ 70ರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಅಮ್ಮ’ ನಮಗೆ ಎರಡಕ್ಷರ, ಫೋನಿಗೆ ನಾಲ್ಕು. 70 ದಾಟಿದರೆ ಮೆಸೇಜ್ ತುಂಡಾಗಿ ಹೋಗುತ್ತದೆ, ಸಿಗ್ನಲ್ ಕೈಕೊಟ್ಟರೆ ಒಂದು ತುಂಡು ಹಿಂದೆ ಉಳಿಯಬಹುದು. ಹಾಗಾಗಿ ಚಿಕ್ಕದಾಗಿ, ಪೂರ್ತಿ ಅರ್ಥ ಬರುವ ಹಾಗೆ ಬರೆಯಿರಿ. ‘ಅಮ್ಮನಿಗೆ ಜ್ವರ. ನಗರ ಆಸ್ಪತ್ರೆಗೆ ಹೊರಟಿದ್ದೇವೆ. ಗಾಬರಿ ಬೇಡ.’ ಇದು 70ರ ಒಳಗೇ ಮುಗಿಯುತ್ತದೆ. ‘ಬೇಗ ಫೋನ್ ಮಾಡು’ ಅಂತ ಮಾತ್ರ ಕಳಿಸಬೇಡಿ. ಕಿವಿ ಕೇಳದವನಿಗೆ ಅದಕ್ಕಿಂತ ಹಿಂಸೆಯ ಮೆಸೇಜ್ ಇನ್ನೊಂದಿಲ್ಲ. ಏನಾಯಿತು, ಎಲ್ಲಿದ್ದೀರಿ, ಅವನು ಏನು ಮಾಡಬೇಕು, ಮೂರೂ ಅದರಲ್ಲೇ ಇರಲಿ.

ನೆಂಟರಿಷ್ಟರಿಗೂ ಒಂದು ಮಾತು ಹೇಳಿಡಿ. ಗ್ರೂಪಿನಲ್ಲಿ ಎಲ್ಲರೂ ವಾಯ್ಸ್ ಮೆಸೇಜ್ ಹಾಕುತ್ತಾರೆ, ಅಲ್ವಾ? ಟೈಪ್ ಮಾಡಲು ಬೇಜಾರು ಅಂತ. ಅದೇ ಗ್ರೂಪಿನಲ್ಲಿ ಕಿವಿ ಕೇಳದವನೊಬ್ಬ ಇದ್ದಾನೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಗೂಗಲ್ ಕೀಬೋರ್ಡಿನ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಆಗುತ್ತದೆ. ವಾಯ್ಸ್ ಕಳಿಸುವಷ್ಟೇ ಶ್ರಮ.

ಇದೇ ಪ್ರಶ್ನೆ ಮನಸ್ಸಿನಲ್ಲಿ ಇರುವ ಬೇರೆ ಮನೆಗಳವರಿಗೂ ಎರಡು ಸಾಲು. ಇಲ್ಲಿ ಹೇಳಿದ್ದೆಲ್ಲ ಚೆನ್ನಾಗಿ ಓದಲು ಬರುವವರಿಗೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ಮನೆಮಾತು, ಕನ್ನಡ ಅಕ್ಷರ ಕಷ್ಟಪಟ್ಟು ಆಮೇಲೆ ಕಲಿತದ್ದು. ಅವರಿಗೆ ಉದ್ದ ಮೆಸೇಜಿಗಿಂತ ವಿಡಿಯೊ ಕರೆಯೇ ಸರಿ, ಮನೆಯವರೇ ಸನ್ನೆ ಕಲಿಯಬೇಕು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟು ಮಾಡಿದೆ, ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ನೋಡಬಹುದು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆದುಳು ಜ್ವರದಲ್ಲಿ ಕಿವಿ ಹೋದವರಿಗೆ ಒಳಕಿವಿಯ ಶಂಖದೊಳಗೆ ಮೂಳೆ ಬೆಳೆದು ಮುಚ್ಚಿಕೊಳ್ಳುವ ಸಂಭವ ಇರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಬೇಗ ಮಾಡಿಸಬೇಕು ಅನ್ನುವುದು ಅದಕ್ಕೇ. ತಮ್ಮನಿಗೆ ವರ್ಷಗಳಾಗಿವೆ, ಆದರೂ ಆಗುತ್ತದಾ ಇಲ್ಲವಾ ಅನ್ನುವುದನ್ನು ಸ್ಕ್ಯಾನ್ ನೋಡಿ ಡಾಕ್ಟರೇ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ಈ ತನಕ ತೋರಿಸಿಲ್ಲವಾದರೆ ಒಮ್ಮೆ ಹೋಗಿ ಬನ್ನಿ.

ಬ್ಯಾಂಕು, ಗ್ಯಾಸು, ಕರೆಂಟ್ ಆಫೀಸು, ಎಲ್ಲರೂ ಫಾರಂನಲ್ಲಿ ಫೋನ್ ನಂಬರ್ ಕೇಳುತ್ತಾರೆ, ಆಮೇಲೆ ಆ ನಂಬರಿಗೆ ಕರೆ ಮಾಡಿ ‘ಎತ್ತಲಿಲ್ಲ’ ಅಂತ ಅರ್ಜಿ ಬದಿಗಿಡುತ್ತಾರೆ. ನಂಬರಿನ ಪಕ್ಕದಲ್ಲೇ ‘ಕಿವಿ ಕೇಳುವುದಿಲ್ಲ, ಎಸ್‌ಎಂಎಸ್ ಮಾತ್ರ’ ಅಂತ ಬರೆಯಲು ತಮ್ಮನಿಗೆ ಹೇಳಿ. ಜಗಳ ಮಾಡಬೇಕಾಗಿ ಬಂದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಅಂತ ಅರ್ಜಿಯಲ್ಲಿ ಉಲ್ಲೇಖಿಸಲಿ. ಸಂವಹನ ಅಂದರೆ ಏನು ಅಂತ ವಿವರಿಸುವಾಗ ಆ ಕಾಯ್ದೆ ಪರದೆಯ ಮೇಲಿನ ಅಕ್ಷರವನ್ನೂ ಸನ್ನೆಯನ್ನೂ ಸೇರಿಸಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿಲ್ಲವಾದರೆ ಮಾಡಿಸಿ. ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಾಯ್ದೆಯ ಪ್ರಕಾರ ಕಿವುಡುತನ ಅನ್ನುತ್ತಾರೆ, 60ರಿಂದ 70ರ ನಡುವೆ ಇದ್ದರೆ ಮಂದ ಕಿವಿ.

ಕೊನೆಗೆ ತುರ್ತಿನ ವಿಷಯ. ತಮ್ಮ ಒಬ್ಬನೇ ರೂಮಿನಲ್ಲಿ ಇರುತ್ತಾನೆ, ರಾತ್ರಿ ಏನಾದರೂ ಆದರೆ ಏನು ಮಾಡುವುದು? ‘112 ಇಂಡಿಯಾ’ ಆ್ಯಪ್ ಹಾಕಿಕೊಳ್ಳಲಿ, ಅದು ಇರುವ ಜಾಗವನ್ನೂ ಕಳಿಸುತ್ತದೆ. ಆದರೆ ಆ ಕಡೆಯವರು ವಿಚಾರಿಸಲು ತಿರುಗಿ ಕರೆ ಮಾಡಿದರೆ ಅವನಿಗೆ ಕೇಳುವುದಿಲ್ಲ. ಅದಕ್ಕೆ 112ಕ್ಕೆ ನೇರ ಕರೆ ಮಾಡುವುದನ್ನೂ ಅವನು ರೂಢಿಸಿಕೊಳ್ಳಬೇಕು. ಅವನಿಗೆ ಮಾತು ಇದೆಯಲ್ಲ. ಪರದೆಯ ಮೇಲೆ ಸೆಕೆಂಡುಗಳ ಎಣಿಕೆ ಶುರುವಾದರೆ ಕರೆ ಸೇರಿತು ಅಂತ ಅರ್ಥ. ಆಗ ‘ನನಗೆ ಕಿವಿ ಕೇಳುವುದಿಲ್ಲ, ನೀವು ಹೇಳುವುದು ಗೊತ್ತಾಗುವುದಿಲ್ಲ, ನನ್ನ ವಿಳಾಸ ಹೇಳುತ್ತೇನೆ ಬರೆದುಕೊಳ್ಳಿ’ ಅಂತ ಶುರು ಮಾಡಿ, ಹೆಸರು, ಬೀದಿ, ಹತ್ತಿರದ ಗುರುತು, ಏನು ತೊಂದರೆ ಅನ್ನುವುದನ್ನು ಹೇಳಬೇಕು. ಒಂದು ಸಲ ಹೇಳಿ ಇಟ್ಟರೆ ಆಗದು. ಮೊದಲಲ್ಲಿ ರೆಕಾರ್ಡಿನ ದನಿ ಓಡುತ್ತಿದ್ದರೂ ಅವನಿಗೆ ತಿಳಿಯುವುದಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ, ಎರಡು ನಿಮಿಷ ಬಿಡದೆ ಹೇಳುತ್ತಾ ಇರಲಿ. ಆಮೇಲೆ ಅದನ್ನೇ ಎಸ್‌ಎಂಎಸ್ ಮಾಡಿ ರೂಮಿನ ಮಾಲೀಕರಿಗೂ ಪಕ್ಕದ ಮನೆಯವರಿಗೂ ಕಳಿಸಲಿ. ಆ ಮೆಸೇಜನ್ನು ಈಗಲೇ ಬರೆದು ಫೋನಿನಲ್ಲಿ ಉಳಿಸಿಟ್ಟುಕೊಳ್ಳಲಿ. ಬಾಗಿಲ ಚಿಲಕ ಒಳಗಿನಿಂದ ಹಾಕಿದ್ದರೆ ಮೊದಲು ಅದನ್ನು ತೆಗೆದಿಡಬೇಕು, ಬಂದವರು ಎಷ್ಟು ಬಡಿದರೂ ಅವನಿಗೆ ಕೇಳುವುದಿಲ್ಲ.